ಹೊಂಡ ನೋಡೋಕೆ ಹೋಗೋದಾದ್ರೆ ಯಾವ ಹೊಂಡ? ಯಾಣದಿಂದ ಬೆಲೀಜ್ ತನಕ ಒಂದು ಹೋಲಿಕೆ

ಜನವರಿಲಿ ಸಿರ್ಸಿ ಮನೆಗೆ ಹೋಗಿದ್ದೆ, ಅಡಿಕೆ ಕೊಯ್ಲಿನ ಟೈಮು, ರಾತ್ರಿ ಊಟ ಆದ್ಮೇಲೆ ಎಲ್ಲರೂ ಮೆಟ್ಟುಗತ್ತಿ ಹಾಕ್ಕೊಂಡು ಸುಲಿತಾ ಕೂತಿದ್ವಿ. ಅಕ್ಕನ ಮಗ ಬೆಂಗಳೂರಿಂದ ಬಂದಿದ್ದ, ಅವನಿಗೆ ಸುಲಿಯೋಕೆ ಬರೋದಿಲ್ಲ, ಮೊಬೈಲ್ ಹಿಡ್ಕೊಂಡು ಒಂದಾದ ಮೇಲೆ ಒಂದು ವಿಡಿಯೋ ತೋರಿಸೋದೇ ಕೆಲಸ. "ಮಾವ ಇದು ನೋಡು ಸಮುದ್ರದ ನಡುವೆ ಕಡುನೀಲಿ ಹೊಂಡ, ಇದು ನೋಡು ಮರುಭೂಮಿಲಿ ಉರಿಯೋ ಹೊಂಡ, ಇದು ನೋಡು ರಷ್ಯಾದ್ದು ಹನ್ನೆರಡು ಕಿಲೋಮೀಟರ್ ಆಳ." ಬೋನಸ್ ಬಂದಿದೆಯಂತೆ, ಇಂಥದ್ದೊಂದು ಕಣ್ಣಾರೆ ನೋಡ್ಲೇಬೇಕಂತೆ, ಯಾವ್ದಕ್ಕೆ ಹೋಗ್ಲಿ ನೀನೇ ಹೇಳು ಅಂದ. ಆಯಿ ಕತ್ತಿಯಿಂದ ತಲೆ ಎತ್ತದೇ ಕೇಳಿದ್ಲು, "ಹೊಂಡ ನೋಡಲೆ ಅಷ್ಟು ದೂರ ಹೋಗವಾ? ಅದ್ರಲ್ಲಿ ನೀರಾದ್ರೂ ಇದ್ದಾ?"

ಅವತ್ತು ಅವನಿಗೆ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಸರಿ ಮಾಡಿ ಬರೀತಾ ಇದ್ದೇನೆ. ನಾನು ಜಿಯಾಲಜಿ ಓದಿದವ ಅಲ್ಲ, ಕಾರವಾರದಲ್ಲಿ ಆಫೀಸ್ ಕೆಲಸ. ಈ ಹುಚ್ಚು ಹತ್ತಿದ್ದು ಮನೆ ಹಿಂದೆ ಬಾವಿ ತೆಗೆಸಿದ ವರ್ಷ. ಹಳೇ ಬಾವಿ ಬೇಸಿಗೆಲಿ ಪೂರ್ತಿ ಬತ್ತಿ ಹೋಗಿತ್ತು, ಹೊಸದು ತೋಡಿಸಿದ್ವಿ. ಮೇಲೆ ಹದಿನೈದು ಅಡಿ ಗಟ್ಟಿ ಚಿರೆಕಲ್ಲು, ಪಿಕಾಸಿ ಹೊಡೆದ ಗುರುತು ಸಾಲಾಗಿ ಮೂಡಿತ್ತು, ಅದರ ಕೆಳಗೆ ಒಮ್ಮೆಲೇ ಶೇಡಿ ಮಣ್ಣು, ಕೈಯಲ್ಲಿ ಹಿಂಡಿದ್ರೆ ಬೆಣ್ಣೆ ಥರ. ಮೂವತ್ತೆಂಟು ಅಡಿಗೆ ನೀರು ಬಂತು. ನೀರು ಬರೋ ಹಿಂದಿನ ದಿನ ನಾನೂ ಒಂದ್ಸಲ ಹಗ್ಗ ಹಿಡ್ಕೊಂಡು ಇಳಿದಿದ್ದೆ. ಕೆಳಗೆ ನಿಂತು ಮೇಲೆ ನೋಡಿದ್ರೆ ಆಕಾಶ ದೋಸೆ ಕಾವಲಿಯಷ್ಟೇ ಕಾಣ್ತದೆ, ಮೇಲಿದ್ದವರ ಮಾತು ಕೊಳವೆಯೊಳಗಿಂದ ಬಂದ ಹಾಗೆ ಕೇಳ್ತದೆ, ಬೆನ್ನಿಗೆ ತಾಗಿದ ಮಣ್ಣು ತಣ್ಣಗೆ ಜಾರ್ತದೆ. ಮೂವತ್ತೆಂಟು ಅಡಿ ಅಂದ್ರೆ ಹನ್ನೊಂದೂವರೆ ಮೀಟರ್, ಪ್ರಪಂಚದ ಲೆಕ್ಕದಲ್ಲಿ ಏನೂ ಅಲ್ಲ. ಆದ್ರೆ ಆ ಐದು ನಿಮಿಷ ಆದ್ಮೇಲೆ ಆಳದ ನಂಬರ್ ನೋಡಿ ಬಾಯಿ ಬಿಡೋದು ಬಿಟ್ಟೆ.

ನಮ್ಮ ಭಾಷೆಲೇ ಇದಕ್ಕೆ ಒಂದು ದಾರಿ ಇದೆ ನೋಡಿ. ನಾವು ಎಲ್ಲದಕ್ಕೂ ಒಂದೇ ಶಬ್ದ ಹೇಳೋದಿಲ್ಲ. ತೂತು ಅಂದ್ರೆ ಬರೀ ಇಣುಕೋದು. ಹೊಂಡ ಅಂದ್ರೆ ಅಂಚಲ್ಲಿ ನಿಂತು ನೋಡೋದು. ಬಾವಿ ಅಂದ್ರೆ ಇಳಿಯೋದು. ಗವಿ ಅಂದ್ರೆ ನುಗ್ಗೋದು. ಎಷ್ಟು ಆಳ ಅಂತ ಕೇಳೋ ಮೊದಲು ಈ ನಾಲ್ಕರಲ್ಲಿ ನಿಮಗೆ ಯಾವ್ದು ಬೇಕು ಅಂತ ಕೇಳ್ಕೊಳ್ಳಿ, ಅರ್ಧ ಲಿಸ್ಟ್ ಅಲ್ಲೇ ಕಮ್ಮಿ ಆಗ್ತದೆ.

ಮೊದಲು ತೂತು, ಅಂದ್ರೆ ಅಳಿಯನ ರಷ್ಯಾ. ಅದರ ಹೆಸರು ಕೋಲಾ ಬೋರ್‌ವೆಲ್, ನಾರ್ವೆ ಗಡಿ ಹತ್ತಿರ ಮುರ್ಮಾನ್ಸ್ಕ್ ಪ್ರಾಂತ್ಯದಲ್ಲಿದೆ. ಸೋವಿಯತ್ ಕಾಲದಲ್ಲಿ ಎಣ್ಣೆಗೂ ಅಲ್ಲ ಚಿನ್ನಕ್ಕೂ ಅಲ್ಲ, ಭೂಮಿಯ ತೊಗಟೆ ಒಳಗೆ ಏನಿದೆ ನೋಡೋಣ ಅಂತ 1970ರಲ್ಲಿ ಕೊರೆಯೋಕೆ ಶುರು ಮಾಡಿದ್ದು, 1989ರಲ್ಲಿ 12,262 ಮೀಟರ್ ಮುಟ್ಟಿತು. ಸಿರ್ಸಿಯಿಂದ ಸಹಸ್ರಲಿಂಗಕ್ಕೆ ಹೋಗೋ ದಾರಿಯನ್ನ ಹೆಚ್ಚುಕಮ್ಮಿ ಪೂರ್ತಿ ಎತ್ತಿ ನೆಟ್ಟಗೆ ಕೆಳಗೆ ನಿಲ್ಲಿಸಿದ ಹಾಗೆ. ತಳದಲ್ಲಿ ಸುಮಾರು 100 ಡಿಗ್ರಿ ಬಿಸಿ ಇರಬಹುದು ಅಂದ್ಕೊಂಡಿದ್ರು, ಸಿಕ್ಕಿದ್ದು 180. ಆ ಬಿಸಿಲಿ, ಆ ಒತ್ತಡದಲ್ಲಿ ಕಲ್ಲು ಕಲ್ಲಿನ ಥರ ಇರೋದಿಲ್ಲ, ಮೆತ್ತಗಾಗಿ ಕೊರೆದ ಜಾಗ ಮತ್ತೆ ಮುಚ್ಕೊಳ್ತಾ ಬರ್ತದೆ, ಹಾಗಾಗಿ 1992ಕ್ಕೆ ಕೊರೆಯೋದೇ ನಿಲ್ಲಿಸಿದ್ರು. ಆರು ಕಿಲೋಮೀಟರ್ ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಪಳೆಯುಳಿಕೆ ಸಿಕ್ತು, ಅದು ನನಗೆ ಈ ಹನ್ನೆರಡು ಕಿಲೋಮೀಟರ್‌ಗಿಂತ ದೊಡ್ಡ ವಿಷಯ. ಆದ್ರೆ ನೋಡೋಕೆ ಏನಿದೆ ಅಲ್ಲಿ? ತೂತಿನ ಅಗಲ 23 ಸೆಂಟಿಮೀಟರ್. ನಮ್ಮನೆ ದೋಸೆ ಕಾವಲಿಗಿಂತ ಸಣ್ಣದು! ಅದಕ್ಕೂ ಒಂದು ತುಕ್ಕು ಹಿಡಿದ ಮುಚ್ಚಳ, ಬೋಲ್ಟ್ ಹಾಕಿ ಬಿಗಿದಿದ್ದು, ಸುತ್ತ ಬಿದ್ದು ಹೋದ ಕಟ್ಟಡಗಳು. ಓದೋಕೆ ನಂಬರ್ ಒನ್, ಹೋಗೋಕೆ ಕೊನೇ ನಂಬರ್.

ಹೊಂಡಗಳ ವಿಷಯ ಬೇರೆ, ಇಲ್ಲಿ ಪೈಪೋಟಿ ಜೋರಿದೆ. ದಕ್ಷಿಣ ಆಫ್ರಿಕಾದ ಕಿಂಬರ್ಲಿ ಮತ್ತೆ ಸೈಬೀರಿಯಾದ ಮೀರ್ನಿ, ಎರಡೂ ವಜ್ರದ ಗಣಿ, ಫೋಟೋದಲ್ಲಿ ಮೀರ್ನಿನೇ ಗೆಲ್ತದೆ. ಅಗಲ 1.2 ಕಿಲೋಮೀಟರ್, ಆಳ 525 ಮೀಟರ್, ಜೋಗವನ್ನ ಒಂದರ ಮೇಲೊಂದು ಎರಡು ಇಟ್ಟರೂ ಅಂಚು ಸಿಕ್ಕೋದಿಲ್ಲ, ಪಕ್ಕದಲ್ಲೇ ಊರು ಅಂಟ್ಕೊಂಡಿದೆ. ಆದ್ರೆ ಅದು ಮಷಿನ್ ಅಗೆದಿದ್ದು, 1957ರಿಂದ 2001ರ ತನಕ. ಹೋಗೋ ದಾರಿ ದೂರ, ಚಳಿಗಾಲದಲ್ಲಿ ಮೈನಸ್ 40 ಡಿಗ್ರಿ, ಕಾರವಾರದಲ್ಲಿ ಡಿಸೆಂಬರ್‌ಗೆ ಸ್ವೆಟರ್ ಹಾಕೋ ನಮ್ಮಂಥವರ ಪಾಡಲ್ಲ.

ಕಿಂಬರ್ಲಿ ಬಗ್ಗೆ ಸ್ವಲ್ಪ ಉದ್ದ ಹೇಳ್ತೇನೆ, ಯಾಕಂದ್ರೆ ನಂಗೆ ಅದೇ ಇಷ್ಟ. ಅಲ್ಲಿ ಮೊದಲು ಹೊಂಡ ಇರಲೇ ಇಲ್ಲ, ಗುಡ್ಡ ಇತ್ತು. 1871ರಲ್ಲಿ ಆ ಗುಡ್ಡದ ಮೇಲೆ ವಜ್ರ ಸಿಕ್ತು ಅಂತ ಸುದ್ದಿ ಆಗಿ ಸಾವಿರಾರು ಜನ ಬಂದು ಬಿದ್ರು, ಸಣ್ಣ ಸಣ್ಣ ಪಾಲು ಮಾಡ್ಕೊಂಡು ಪಿಕಾಸಿ ಸಲಿಕೆಲೇ ಅಗೆದ್ರು, ಗುಡ್ಡ ಮುಗೀತು, ನೆಲ ಬಂತು, ಬಿಡಲಿಲ್ಲ. ಮೇಲಿನ ಹಳದಿ ಮಣ್ಣು ಮುಗಿದು ಕೆಳಗೆ ಗಟ್ಟಿಯಾದ ನೀಲಿ ಕಲ್ಲು ಬಂದಾಗ ವಜ್ರ ಮುಗೀತು ಅಂತ ಎಷ್ಟೋ ಜನ ಪಾಲು ಮಾರಿ ಹೋದ್ರಂತೆ, ಅಸಲಿ ವಜ್ರದ ಕಲ್ಲು ಆ ನೀಲಿಯೇ ಆಗಿತ್ತು. ನಮ್ಮ ಬಾವಿಲಿ ಚಿರೆಕಲ್ಲು ಮುಗಿದು ಶೇಡಿ ಮಣ್ಣು ಬಂದಾಗ ಅಪ್ಪಯ್ಯ ಇಲ್ಲಿಗೇ ಸಾಕು ಇನ್ನು ನೀರು ಬರೋದಿಲ್ಲ ಅಂದಿದ್ದು ನೆನಪಾಗ್ತದೆ. ಕೈಯಲ್ಲೇ ಅಗೆದ ಆಳ 240 ಮೀಟರ್. ಜೋಗದ ರಾಜಾ ಬೀಳೋ ಎತ್ತರ 253. ಜೋಗದ ಕೆಳಗೆ ನಿಂತು ಮೇಲೆ ನೋಡಿದವರಿಗೆ ಇದು ಏನು ಅಂತ ಬಿಡಿಸಿ ಹೇಳೋದು ಬೇಡ, ಅಷ್ಟನ್ನೂ ಮನುಷ್ಯರು ಬುಟ್ಟಿ, ಹಗ್ಗ, ತಂತಿ ಕಟ್ಟಿ ಹೊತ್ತು ಮೇಲೆ ಹಾಕಿದ್ದು. 1914ರಲ್ಲಿ ಕೆಲಸ ನಿಂತಾಗ 2,700 ಕಿಲೋದಷ್ಟು ವಜ್ರ ಹೊರಗೆ ಬಂದಿತ್ತು. ಈಗ ತಳದಲ್ಲಿ ಹಸಿರು ನೀರು ನಿಂತಿದೆ, ಅಂಚಿಂದ ಹೊರಗೆ ಚಾಚಿದ ಒಂದು ಪ್ಲಾಟ್‌ಫಾರ್ಮ್, ಪಕ್ಕದಲ್ಲಿ ಆ ಕಾಲದ ಊರನ್ನೇ ಹಾಗೇ ಇಟ್ಟ ಮ್ಯೂಸಿಯಂ. ಮೀರ್ನಿ ಜೊತೆ ಇಟ್ಟರೆ ಇದು ಸಣ್ಣದು, ಆದ್ರೂ ಎರಡರಲ್ಲಿ ಒಂದು ಅಂದ್ರೆ ಕಣ್ಣು ಮುಚ್ಚಿ ಕಿಂಬರ್ಲಿ.

ಅಮೆರಿಕದಲ್ಲಿ ಮಗನೋ ಮಗಳೋ ಇದ್ದು (ಸಿರ್ಸಿ ಕಡೆ ಮನೆಗೊಬ್ಬರು ಇದ್ದೇ ಇರ್ತಾರೆ) ಹೇಗೂ ಆರು ತಿಂಗಳು ಹೋಗೋರಿಗೆ ಯೂಟಾದ ಬಿಂಗ್‌ಹ್ಯಾಮ್ ತಾಮ್ರದ ಗಣಿ ಬೆಟರ್. 1906ರಿಂದ ಅಗೀತಾನೇ ಇದ್ದಾರೆ, 1.2 ಕಿಲೋಮೀಟರ್ ಆಳ, 4 ಕಿಲೋಮೀಟರ್ ಅಗಲ, ಸಾಲ್ಟ್ ಲೇಕ್ ಸಿಟಿಯಿಂದ ಬೆಳಿಗ್ಗೆ ಹೋಗಿ ಮಧ್ಯಾಹ್ನ ಊಟಕ್ಕೆ ಬರಬಹುದು. 2013ರ ಏಪ್ರಿಲ್‌ನಲ್ಲಿ ಅದರ ಒಂದು ಗೋಡೆನೇ ಕುಸಿದು ಬಿತ್ತು, ಕೋಟ್ಯಂತರ ಟನ್ ಕಲ್ಲು ಮಣ್ಣು, ಆದ್ರೆ ಗೋಡೆ ಎಷ್ಟೆಷ್ಟು ಜಾರ್ತಾ ಇದೆ ಅಂತ ರೇಡಾರ್ ಇಟ್ಟು ಅಳೀತಾ ಇದ್ದಿದ್ದಕ್ಕೆ ಮೊದಲೇ ಎಲ್ಲರನ್ನೂ ಹೊರಗೆ ಕಳಿಸಿದ್ರು, ಒಬ್ಬರಿಗೂ ಪೆಟ್ಟಾಗಲಿಲ್ಲ. 2024ರ ಜುಲೈಲಿ ಅಂಕೋಲಾದ ಶಿರೂರಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿದ್ದ ಜಿಲ್ಲೆಯವ ನಾನು, ಇದನ್ನ ಓದಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ಗ್ವಾಟೆಮಾಲಾ ಸಿಟಿಲಿ 2010ರಲ್ಲಿ ರಸ್ತೆ ನಡುವೆ ಕಟ್ಟಡ ಸಮೇತ ನೆಲ ನುಂಗಿದ ಗುಂಡಿಯ ಫೋಟೋ ಎಲ್ಲರೂ ನೋಡಿರ್ತೀರಿ, ಅಂಥದ್ದನ್ನ ಈ ಲಿಸ್ಟಿಗೆ ಹಾಕೋಕೆ ನಂಗೆ ಮನಸ್ಸಿಲ್ಲ.

ಉರಿಯೋ ಹೊಂಡ ಅಂದ್ರೆ ತುರ್ಕ್ಮೆನಿಸ್ತಾನದ ದರ್ವಾಜಾ. ಕರಕುಮ್ ಮರುಭೂಮಿ ನಡುವೆ ಸುಮಾರು 70 ಮೀಟರ್ ಅಗಲದ ಗುಂಡಿ, ನೆಲದಿಂದ ಬರೋ ಗ್ಯಾಸ್ ಹತ್ಕೊಂಡು ದಶಕಗಟ್ಟಲೆ ಉರೀತಾ ಇದೆ. 1971ರಲ್ಲಿ ಸೋವಿಯತ್‌ನವರು ಕೊರೆಯುವಾಗ ನೆಲ ಕುಸೀತು, ಅವರೇ ಬೆಂಕಿ ಕೊಟ್ರು ಅನ್ನೋದು ಎಲ್ಲ ಕಡೆ ಓಡಾಡೋ ಕಥೆ, ಅದಕ್ಕೆ ಗಟ್ಟಿ ದಾಖಲೆ ಇಲ್ಲ. 2022ರಲ್ಲಿ ಅಲ್ಲಿನ ಅಧ್ಯಕ್ಷರೇ ಆರಿಸಿ ಅಂತ ಆರ್ಡರ್ ಮಾಡಿದ್ರು, ಈಚೆಗೆ ಉರಿ ಬಹಳ ಇಳಿದಿದೆ. ವಿಡಿಯೋದಲ್ಲಿರೋ ಬೆಂಕಿ ಹಳೇದು ಮಾರಾಯ್ರೇ, ಅದನ್ನ ನೋಡಿ ಟಿಕೆಟ್ ಮಾಡಿದ್ರೆ ಹಗಲು ಕಂಡ ಬಾವಿಗೆ ರಾತ್ರಿ ಬಿದ್ದ ಹಾಗೆ.

ಈಗ ನಮ್ಮ ಹತ್ತಿರದ ಹೊಂಡ, ಲೋಣಾರ್. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆ. ಉಲ್ಕೆ ಬಿದ್ದು ಆದದ್ದು, 1.8 ಕಿಲೋಮೀಟರ್ ಅಗಲ, ಅಂಚಿಂದ ನೀರಿನ ತನಕ ಇಳಿಜಾರಲ್ಲಿ ಕಾಡು, ಕಾಡೊಳಗೆ ಹಳೇ ದೇವಸ್ಥಾನಗಳು. ಅಮೆರಿಕದ ಅರಿಜೋನಾದಲ್ಲಿ ಇಂಥದ್ದೇ ಒಂದಿದೆ, 1.2 ಕಿಲೋಮೀಟರ್ ಅಗಲ, ಸುಮಾರು 50,000 ವರ್ಷ ಹಿಂದಿನದ್ದು, ಒಣ ಹವೆಗೆ ಒಂಚೂರೂ ಮಾಸದೆ ಪುಸ್ತಕದ ಚಿತ್ರದ ಥರ ಇದೆ, ಆದ್ರೆ ಅಲ್ಲಿ ರೇಲಿಂಗ್ ಹಿಂದೆ ನಿಂತು ನೋಡೋದಷ್ಟೇ. ಲೋಣಾರ್‌ನಲ್ಲಿ ಇಳಿದು ನೀರಿನ ಹತ್ತಿರ ಹೋಗಬಹುದು. ಇನ್ನೊಂದು ವಿಷಯ, ಲೋಣಾರ್ ಬಿದ್ದಿದ್ದು ದಖ್ಖನ್ನಿನ ಕಪ್ಪು ಬಸಾಲ್ಟ್ ಕಲ್ಲಿನ ಮೇಲೆ, ಚಂದ್ರನ ಮೇಲಿನ ಎಷ್ಟೋ ಕುಳಿಗಳೂ ಬಸಾಲ್ಟ್ ಮೇಲೇ ಆದವು, ಭೂಮಿ ಮೇಲೆ ಅಂಥವು ಬಹಳ ಅಪರೂಪ, ಅದಕ್ಕೇ ಚಂದ್ರನನ್ನ ಓದೋರು ಲೋಣಾರ್‌ಗೆ ಬರ್ತಾರೆ. ನೀರು ಉಪ್ಪು, ಜೊತೆಗೆ ಸೋಪಿನ ಥರ ಕ್ಷಾರ. 2020ರ ಜೂನ್‌ನಲ್ಲಿ ನೀರೆಲ್ಲ ಗುಲಾಬಿ ಬಣ್ಣ ಆಗಿತ್ತು, ನೀರು ಇಳಿದು ಉಪ್ಪು ಜಾಸ್ತಿ ಆದಾಗ ಬೆಳೆಯೋ ಸೂಕ್ಷ್ಮಜೀವಿಯಿಂದ ಅಂತ ಆಮೇಲೆ ಪರೀಕ್ಷೆಲಿ ಗೊತ್ತಾಯ್ತು. ಹುಬ್ಬಳ್ಳಿಗೆ ಹೋಗಿ ರಾತ್ರಿ ಹತ್ತಿದ್ರೆ ಆಯ್ತು, ಎಲ್ಲೋರಾ ಜೊತೆ ಸೇರಿಸಿ ನಾಲ್ಕು ದಿನದಲ್ಲಿ ಮುಗೀತದೆ.

ಬಾವಿಗೆ ಬರೋಣ. ಮಾನವ ನಿರ್ಮಿತ ಬಾವಿಲಿ ಗುಜರಾತಿನ ಪಾಟಣದ ರಾಣಿ ಕಿ ವಾವ್, ಅದರ ಫೋಟೋ ನಿಮ್ಮ ಕಿಸೆಲೇ ಇದೆ, ನೇರಳೆ ಬಣ್ಣದ ನೂರು ರೂಪಾಯಿ ನೋಟು ತಿರುಗಿಸಿ ನೋಡಿ. ಹನ್ನೊಂದನೇ ಶತಮಾನದ್ದು, ರಾಣಿ ಉದಯಮತಿ ಕಟ್ಟಿಸಿದ್ದು, ಏಳು ಅಂತಸ್ತು ನೆಲದೊಳಗೆ. ಸರಸ್ವತಿ ನದಿಯ ಹೂಳು ತುಂಬಿ ಶತಮಾನಗಟ್ಟಲೆ ಮುಚ್ಚೇ ಹೋಗಿತ್ತು, ಅದಕ್ಕೇ ಕೆತ್ತನೆ ಇನ್ನೂ ಮೂಗು ಮುಕ್ಕಾಗದೇ ಉಳಿದಿದೆ. ರಾಜಸ್ಥಾನದ ಚಾಂದ್ ಬಾವಡಿ ಫೋಟೋಕ್ಕೆ ಇನ್ನೂ ಚಂದ, 3,500 ಮೆಟ್ಟಿಲು, ಆದ್ರೆ ಮೆಟ್ಟಿಲಿಗೆ ಕಾಲಿಡೋಕೆ ಬಿಡೋದಿಲ್ಲ. ಇಳಿಯೋಕೆ ಬಿಡದ ಬಾವಿ ನನ್ನ ಲೆಕ್ಕದಲ್ಲಿ ಹೊಂಡವೇ.

ಸಮುದ್ರದ ಬಾವಿ ಮಧ್ಯ ಅಮೆರಿಕದ ದೇಶ ಬೆಲೀಜ್‌ದು, ಗ್ರೇಟ್ ಬ್ಲೂ ಹೋಲ್, ಅಳಿಯನ ಮೊದಲ ವಿಡಿಯೋ. 300 ಮೀಟರ್ ಚಿಲ್ಲರೆ ಅಗಲ, ಸುಮಾರು 125 ಮೀಟರ್ ಆಳ. ಯಾಣದ ಭೈರವೇಶ್ವರ ಶಿಖರ 120 ಮೀಟರ್, ಅದನ್ನ ತಲೆಕೆಳಗೆ ಮಾಡಿ ಹಾಕಿದ್ರೆ ಪೂರ್ತಿ ಮುಳುಗಿ ಹೋಗ್ತದೆ. ಯಾಣನೂ ಸುಣ್ಣಕಲ್ಲು, ಅದೂ ಸುಣ್ಣಕಲ್ಲು. ಹಿಮಯುಗದಲ್ಲಿ ಸಮುದ್ರ ಕೆಳಗಿತ್ತು, ಆಗ ಅದು ಒಣ ಗವಿ, ಆಮೇಲೆ ಮಾಡು ಕುಸಿದು ಸಮುದ್ರ ಏರಿ ತುಂಬ್ಕೊಂಡಿದ್ದು. ಅದಕ್ಕೆ ಸಾಕ್ಷಿ ಏನಂದ್ರೆ ನೀರೊಳಗೆ 40 ಮೀಟರ್ ಕೆಳಗೆ, ಗವಿಯ ಮಾಡಿಂದ ಹನಿ ಹನಿ ಬಿದ್ದು ಬೆಳೆಯೋ ಸುಣ್ಣದ ಕೋಲುಗಳು ಈಗ್ಲೂ ಜೋತು ಬಿದ್ದಿವೆ, ನೀರೊಳಗೆ ಅವು ಬೆಳೆಯೋದು ಸಾಧ್ಯವೇ ಇಲ್ಲ. 1971ರಲ್ಲಿ ಸಮುದ್ರದೊಳಗಿನ ಸಿನಿಮಾ ಮಾಡ್ತಿದ್ದ ಫ್ರಾನ್ಸಿನ ಡೈವರ್ ಕೂಸ್ತೋ ಅಲ್ಲಿಗೆ ಹೋದ್ಮೇಲೆ ಪ್ರಪಂಚಕ್ಕೆಲ್ಲ ಹೆಸರಾಯ್ತು.

ತೊಂದ್ರೆ ಎಲ್ಲಿ ಅಂದ್ರೆ, ಈ ಕೋಲುಗಳನ್ನ ನೋಡ್ಬೇಕಂದ್ರೆ 40 ಮೀಟರ್ ಇಳೀಬೇಕು, ಹವ್ಯಾಸಕ್ಕೆ ಡೈವ್ ಮಾಡೋರಿಗೆ ಅದೇ ಕೊನೇ ಮಿತಿ, ಹೊಸದಾಗಿ ಸರ್ಟಿಫಿಕೇಟ್ ತಗೊಂಡವರಿಗೆ 18 ಮೀಟರ್ ಅಷ್ಟೇ. ಅಷ್ಟು ಕೆಳಗೆ ಇರೋಕೆ ಸಿಗೋದು ಹತ್ತು ನಿಮಿಷನೂ ಇಲ್ಲ. ಮುರ್ಡೇಶ್ವರದಿಂದ ಬೋಟಲ್ಲಿ ನೇತ್ರಾಣಿಗೆ ಹೋಗಿ, ಇನ್‌ಸ್ಟ್ರಕ್ಟರ್ ಕೊರಳಪಟ್ಟಿ ಹಿಡ್ಕೊಂಡು ಮೀನು ತೋರಿಸಿದ್ದನ್ನೇ ನಾನೂ ಸ್ಕೂಬಾ ಮಾಡಿದ್ದೇನೆ ಅಂತ ಹೇಳ್ಕೊಳ್ಳೋರು ನಾವು, ಅದನ್ನ ನಂಬಿ ಬೆಲೀಜ್‌ಗೆ ಹೋದ್ರೆ ಬೋಟ್ ಮೇಲಿಂದ ಸುಮ್ನೆ ಗಾಢ ನೀಲಿ ನೀರು ಕಾಣ್ತದೆ, ಅದರ ದುಂಡನೆಯ ಆಕಾರ ನೋಡ್ಬೇಕಂದ್ರೆ ಸಣ್ಣ ವಿಮಾನಕ್ಕೆ ಬೇರೆ ದುಡ್ಡು. ಡೈವಿಂಗ್ ನಿಜವಾಗಿ ಕಲ್ತಿದ್ರೆ ಹೋಗಿ, ಇಲ್ಲಾಂದ್ರೆ ಬೇಡ.

ಅದೇ ಸಾಲಿನಲ್ಲಿ ಅದಕ್ಕಿಂತ ಒಳ್ಳೇದು ಪಕ್ಕದ ಮೆಕ್ಸಿಕೋದಲ್ಲಿದೆ, ಯುಕಟಾನ್‌ನ ಸೆನೋಟೆಗಳು. ಆ ಇಡೀ ಪ್ರದೇಶ ಸುಣ್ಣಕಲ್ಲು, ಮಳೆ ನೀರೆಲ್ಲ ಇಂಗಿ ಕೆಳಗೆ ಹೋಗ್ತದೆ, ಮೇಲೆ ಹೊಳೆನೇ ಇಲ್ಲ ಅನ್ನಬಹುದು, ಮಾಡು ಕುಸಿದಲ್ಲೆಲ್ಲ ಒಂದೊಂದು ಬಾವಿ. ಅಲ್ಲಿನ ಮೂಲನಿವಾಸಿ ಮಾಯಾ ಜನರ ಊರುಗಳು ಇವುಗಳ ನೀರು ನಂಬಿಯೇ ಬದುಕಿದ್ದು. ಅವರ ಹಳೇ ಊರು ಚಿಚೆನ್ ಇಟ್ಜಾ ಹತ್ತಿರದ ಇಕ್ ಕಿಲ್ ಅನ್ನೋದರಲ್ಲಿ ಮೆಟ್ಟಿಲು ಇಳಿದು ಲೈಫ್ ಜಾಕೆಟ್ ಹಾಕ್ಕೊಂಡು ಈಜಬಹುದು, ಮೇಲಿಂದ ಬಳ್ಳಿ ಬೇರು ನೀರಿನ ತನಕ ಇಳಿಬಿದ್ದಿರ್ತವೆ. ಈ ಸೆನೋಟೆಗಳಲ್ಲಿ ಎಷ್ಟೋ ಒಂದು ದೊಡ್ಡ ಅರ್ಧ ವೃತ್ತದಲ್ಲಿ ಸಾಲಾಗಿ ಇವೆ. ಆ ಸಾಲು ಯಾವ್ದು ಗೊತ್ತಾ? 6.6 ಕೋಟಿ ವರ್ಷ ಹಿಂದೆ ಡೈನೋಸಾರ್‌ಗಳನ್ನ ಮುಗಿಸಿದ ಕ್ಷುದ್ರಗ್ರಹ ಬಿದ್ದ ಚಿಕ್ಸುಲುಬ್ ಕುಳಿಯ ಅಂಚು. ಕುಳಿ ಮಣ್ಣು ಕಲ್ಲಲ್ಲಿ ಹೂತು ಹೋಗಿದೆ, ಕಣ್ಣಿಗೆ ಕಾಣೋದಿಲ್ಲ, ಆ ಸಾಲಿನ ಬಾವಿ ಆರಿಸ್ಕೊಂಡ್ರೆ (ಇಕ್ ಕಿಲ್ ಆ ಸಾಲಲ್ಲಿಲ್ಲ) ಅದರ ಅಂಚಲ್ಲೇ ನೀವು ಈಜ್ತಾ ಇರ್ತೀರಿ. ಒಂದೇ ಟಿಕೆಟ್‌ಗೆ ಎರಡು ಹೊಂಡ! ಅಮೆರಿಕದ ವೀಸಾ ಚಾಲ್ತಿ ಇದ್ದವರಿಗೆ ಮೆಕ್ಸಿಕೋಕ್ಕೆ ಬೇರೆ ವೀಸಾ ಕೇಳೋದಿಲ್ಲ, ಹೋಗೋ ಮೊದಲು ಒಮ್ಮೆ ನೋಡ್ಕೊಳ್ಳಿ. ವಿದೇಶಕ್ಕೇ ಹೋಗ್ಬೇಕು, ದುಡ್ಡೂ ಇದೆ ಅಂದ್ರೆ ನನ್ನ ವೋಟು ಇದಕ್ಕೆ. ಈಜು ಕಲಿತಿದ್ದೇ ಬಾವಿಲಿ, ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಕೊಂಡು, ಹಾಗಾಗಿ ಸ್ವಲ್ಪ ಪಕ್ಷಪಾತ ಇದೆ ಅಂತ ಒಪ್ಕೊಳ್ತೇನೆ.

ನಡೆಯೋ ಶಕ್ತಿ ಇದ್ದವರಿಗೆ ಚೀನಾದ ಚೊಂಗ್‌ಚಿಂಗ್ ಕಡೆ ಶಿಯಾವ್‌ಝಾಯ್ ಅಂತ ಇದೆ, 662 ಮೀಟರ್ ಆಳದ ನೈಸರ್ಗಿಕ ಹೊಂಡ, ಸಾವಿರಾರು ಮೆಟ್ಟಿಲು ಇಳಿದ್ರೆ ತಳದಲ್ಲಿ ಹೊಳೆ ಹರೀತದೆ. ಇಳಿಯೋದು ಎಲ್ಲರೂ ಇಳೀತಾರೆ, ಹತ್ತೋದನ್ನ ಲೆಕ್ಕ ಹಾಕಿ ಹೋಗಿ.

ಗವಿ ಅಂದ್ರೆ ಆಂಧ್ರದ ಬೆಲುಂ, 3,229 ಮೀಟರ್ ಉದ್ದ, ಅದರಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ಲೈಟ್ ಹಾಕಿ ಜನರಿಗೆ ಬಿಟ್ಟಿದ್ದಾರೆ. ಒಳಗೆ ಸೆಕೆ ಅಂದ್ರೆ ಸೆಕೆ, ಮೇ ತಿಂಗಳ ಕಾರವಾರನೇ ವಾಸಿ. ವಯಸ್ಸಾದವರಿದ್ರೆ ಬೆಲುಂ ಸರಿ, ಗವಿಯ ಒಳಗೆ ಗವಿಯ ಕತ್ತಲೆನೇ ಬೇಕು ಅಂದ್ರೆ ನಮ್ಮದೇ ಕವಳಾ, ದಾಂಡೇಲಿ ಕಾಡೊಳಗೆ. ಅರಣ್ಯ ಇಲಾಖೆ ಪರ್ಮಿಶನ್ ಬೇಕು, ಮಳೆಗಾಲದಲ್ಲಿ ಆಸೆ ಬಿಡಿ. ನೂರಾರು ಮೆಟ್ಟಿಲು ಇಳಿದು, ಬಾವಲಿ ವಾಸನೆಲಿ ಕೈಕಾಲು ಊರಿ ತೆವಳ್ಕೊಂಡು ಹೋದ್ರೆ ಹನಿ ಬಿದ್ದು ಬಿದ್ದು ತಾನಾಗೇ ಬೆಳೆದ ಲಿಂಗ. ಬೆಲೀಜ್‌ನಲ್ಲಿ 40 ಮೀಟರ್ ನೀರೊಳಗೆ ಇರೋದು ಇದರದ್ದೇ ಸಂಬಂಧಿಕ, ಅಲ್ಲಿ ಮೇಲಿಂದ ಜೋತಿದ್ದು, ಇಲ್ಲಿ ಕೆಳಗಿಂದ ಎದ್ದಿದ್ದು. ಟಾರ್ಚ್ ಆರಿಸಿ ಅರ್ಧ ನಿಮಿಷ ಕೂತು ನೋಡಿ, ಹನಿ ಬೀಳೋ ಸದ್ದು ಬಿಟ್ರೆ ಏನೂ ಇಲ್ಲ.

ಯಾಣ ಹೇಳೋದೇ ಬೇಡ, ಸೊಕ್ಕಿದ್ದವನಿಗೆ ಯಾಣ ರೊಕ್ಕಿದ್ದವನಿಗೆ ಗೋಕರ್ಣ ಅಂತ ಹಿರಿಯರು ಹೇಳಿದ್ದು ದಾರಿ ಇಲ್ಲದ ಕಾಲದಲ್ಲಿ, ಈಗ ಹತ್ತಿರದ ತನಕ ಗಾಡಿ ಹೋಗ್ತದೆ. ಶಿಖರದ ಫೋಟೋ ತೆಗ್ದು ವಾಪಸ್ ಬರಬೇಡಿ, ಹಿಂದಿನ ಸಂದಿಯೊಳಗೆ ಹೋಗಿ ತಲೆ ಎತ್ತಿ, ಎರಡು ಕಪ್ಪು ಗೋಡೆ ನಡುವೆ ಆಕಾಶ ಸೀಳಿದ ಹಾಗೆ ಕಾಣ್ತದೆ. ಜೂನ್ ಆದ್ಮೇಲೆ ಉಂಬಳ, ಕಾಲಿಗೆ ಉಪ್ಪೋ ಸುಣ್ಣವೋ ಇಟ್ಕೊಂಡು ಹೋಗಿ.

ಅಳಿಯ ಎಲ್ಲ ಕೇಳಿ, ಮೆಕ್ಸಿಕೋನೇ ಮಾವ ಅಂದ. ಬೆಂಗಳೂರಿಗೆ ಹೋದ್ಮೇಲೆ ಮೆಸೇಜ್ ಬಂತು, ಮ್ಯಾನೇಜರ್ ನಾಲ್ಕೇ ದಿನ ರಜೆ ಕೊಟ್ಟಿದ್ದು, ಲೋಣಾರ್‌ಗೆ ರೈಲು ನೋಡ್ತಾ ಇದ್ದೇನೆ, ನೀನೂ ಬಾ ಅಂತ. ಆಯಿಗೆ ಫೋನಲ್ಲಿ ಹೇಳಿದ್ರೆ ಮತ್ತೆ ಅದೇ ಪ್ರಶ್ನೆ, ನೀರಿದ್ದಾ? ಇದೆ ಆಯಿ, ಆದ್ರೆ ಉಪ್ಪು ಅಂದೆ. ಅಂಚಲ್ಲಿ ಗೋಮುಖದ ಹತ್ತಿರ ಸಿಹಿನೀರಿನ ಧಾರೆ ಒಂದಿದೆ, ವರ್ಷವಿಡೀ ಬೀಳ್ತದೆ ಅಂತ ಹೇಳೋದ್ರೊಳಗೆ, "ಹಂಗಾರೆ ಒಂದು ಬಾಟ್ಲಿ ತಗಬಾ" ಅಂತ ಫೋನ್ ಇಟ್ಲು.